ಪೆನ್ಸಿಲ್‌ನಲ್ಲಿದ್ದ ಹೆಸರುಗಳು

ಯೋಜನೆಯ ಐದನೇ ಕರಡನ್ನು ಟ್ರಸ್ಟಿನ ಕಾರ್ಯದರ್ಶಿಗಳು ವಾಪಸು ಕಳಿಸಿದ ದಿನ ನಾನು ಊಟ ಮಾಡಲಿಲ್ಲ. ಸಿಟ್ಟಿನಿಂದಲ್ಲ, ಸುಸ್ತಿನಿಂದ. ಡಬ್ಬಿಯ ಮುಚ್ಚಳ ತೆಗೆಯುವುದಕ್ಕೂ ಬೇಸರವಾಗಿತ್ತು. ಚನ್ನಪಟ್ಟಣದ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ದಾಖಲೆ ವಿಭಾಗ ನನ್ನ ಜವಾಬ್ದಾರಿಯಾಗಿತ್ತು. ಆಸ್ಪತ್ರೆಯನ್ನೂ ಅದಕ್ಕೆ ಸೇರಿದ ಆರು ಹಳ್ಳಿ ಕೇಂದ್ರಗಳನ್ನೂ ಮೂರು ಹಂತಗಳಲ್ಲಿ ಕಂಪ್ಯೂಟರಿಗೆ ಏರಿಸಬೇಕೆಂದು ಆಡಳಿತ ಸಮಿತಿ ತೀರ್ಮಾನಿಸಿ, ಅದರ ಯೋಜನೆ ಬರೆಯುವ ಕೆಲಸವನ್ನು ನನ್ನ ತಲೆಗೆ ಕಟ್ಟಿತ್ತು. ಸಹಾಯಕ್ಕೆಂದು ಬೆಂಗಳೂರಿನಿಂದ ಒಬ್ಬ ಸಲಹೆಗಾರರು ತಿಂಗಳಿಗೆರಡು ಸಲ ಬರುತ್ತಿದ್ದರು. ಅವರ ಬಾಯಲ್ಲಿ ಯಾವಾಗಲೂ ‘ರೋಡ್‌ಮ್ಯಾಪ್’ ಎಂಬ ಮಾತು. ಹೆದ್ದಾರಿ ಅಗಲ ಮಾಡಲೆಂದು ಊರುದ್ದಕ್ಕೂ ಅಗೆದು ಗುಡ್ಡೆ ಹಾಕಿದ್ದ ಕಾಲ ಅದು. ನಮ್ಮ ಜೀಪಿನ ಡ್ರೈವರ್ ಒಂದು ದಿನ ಆ ಮಾತನ್ನು ಕೇಳಿಸಿಕೊಂಡು, “ಮ್ಯಾಪು ಆಮ್ಯಾಕೆ ನೋಡನ ಸಾರ್, ಮೊದ್ಲು ರೋಡ್ ಎಲ್ಲೈತೆ ಅಂತ ಕೇಳಿ” ಎಂದಿದ್ದ.

ಮೊದಲ ಹಂತ ಹೊರರೋಗಿಗಳ ಚೀಟಿ ಕೌಂಟರ್, ಎರಡನೆಯದು ಔಷಧಿಯ ದಾಸ್ತಾನು. ಇವೆರಡೂ ಕುಂಟುತ್ತ ಮುಗಿದಿದ್ದವು. ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುತ್ತಿತ್ತು. ಯುಪಿಎಸ್ ಹತ್ತು ನಿಮಿಷ ಕೀ ಕೀ ಎಂದು ಕೂಗಿ ಸುಮ್ಮನಾಗುತ್ತಿತ್ತು. ಅಷ್ಟರೊಳಗೆ ಉಳಿಸಿಕೊಳ್ಳದ್ದೆಲ್ಲ ಮತ್ತೆ ಮೊದಲಿನಿಂದ. ಕೌಂಟರಿನ ಮುಂದೆ ಸಾಲು ಗೇಟಿನ ತನಕ ಬೆಳೆದಾಗ ಜನ ನನ್ನನ್ನು ಬೈದದ್ದು ಕಿವಿಯಾರೆ ಕೇಳಿದ್ದೇನೆ. ಹೇಗೋ ಅಭ್ಯಾಸವಾಯಿತು, ಅವರಿಗೂ ನನಗೂ.

ಮೂರನೇ ಹಂತವೇ ದೊಡ್ಡದು. ನಮ್ಮ ಹಳ್ಳಿ ಕೇಂದ್ರಗಳಲ್ಲಿ ಒಬ್ಬೊಬ್ಬ ಸಿಸ್ಟರ್ ಇದ್ದರು. ಸುತ್ತಲಿನ ಊರುಗಳಲ್ಲಿ ಯಾರು ಬಸುರಿ, ಎಷ್ಟನೇ ತಿಂಗಳು, ರಕ್ತ ಎಷ್ಟಿದೆ, ಹಿಂದಿನ ಹೆರಿಗೆ ಹೇಗಾಯಿತು ಎಂಬುದನ್ನೆಲ್ಲ ಅವರು ಒಂದು ಉದ್ದನೆಯ ರಿಜಿಸ್ಟರಿನಲ್ಲಿ ಬರೆದಿಡುತ್ತಿದ್ದರು. ಅದನ್ನು ನೋಡಿಕೊಂಡು, ತೊಂದರೆಯಾಗಬಹುದು ಅನ್ನಿಸಿದವರನ್ನು ಗುರುವಾರದ ಜೀಪಿನಲ್ಲಿ ಆಸ್ಪತ್ರೆಗೆ ಕಳಿಸುತ್ತಿದ್ದರು. ಇನ್ನು ಮುಂದೆ ಈ ಆರೂ ರಿಜಿಸ್ಟರುಗಳು ಕಂಪ್ಯೂಟರಿಗೆ ಹೋಗಬೇಕು. ಸಿಸ್ಟರು ಯಾರ ಮನೆಗೆ ಹೋಗಬೇಕು, ಜೀಪು ಯಾರನ್ನು ಕರೆತರಬೇಕು ಎಂಬ ಪಟ್ಟಿ ಸೋಮವಾರ ಬೆಳಿಗ್ಗೆ ಪ್ರಿಂಟರಿನಿಂದಲೇ ಬರಬೇಕು. ಪಟ್ಟಿ ಶುರುವಾದ ದಿನ ಹಳೆಯ ರಿಜಿಸ್ಟರುಗಳನ್ನು ಮುಚ್ಚಬೇಕು. ಎರಡೂ ಇಟ್ಟುಕೊಂಡರೆ ಹಳೆಯದನ್ನು ಯಾರೂ ಬಿಡುವುದಿಲ್ಲ ಎಂದು ಸಲಹೆಗಾರರು ಹೇಳಿದ್ದರು. ನನಗೂ ಅದು ಸರಿಯೆನಿಸಿತ್ತು.

ರಿಜಿಸ್ಟರುಗಳನ್ನು ತರಿಸುವುದೇ ಒಂದು ಹೋರಾಟವಾಯಿತು. ಯಾವ ಸಿಸ್ಟರಿಗೂ ತಮ್ಮ ಪುಸ್ತಕ ಎರಡು ದಿನ ಕೈಬಿಟ್ಟಿರುವುದು ಇಷ್ಟವಿರಲಿಲ್ಲ. ವಿರೂಪಾಕ್ಷಿಪುರದಿಂದ ಬಂದದ್ದರ ರಟ್ಟು ಕಿತ್ತುಹೋಗಿ ದಾರದಲ್ಲಿ ಹೊಲಿದಿದ್ದರು. ಒಬ್ಬೊಬ್ಬರ ಅಕ್ಷರ ಒಂದೊಂದು ದಿಕ್ಕಿಗೆ. ಟೈಪ್ ಮಾಡಲು ಕೂತ ಇಬ್ಬರು ಹೆಣ್ಣುಮಕ್ಕಳು ಪ್ರತಿ ಪುಟಕ್ಕೂ ಎದ್ದು ಬಂದು, “ಇದು ಸಿದ್ದಮ್ಮನಾ, ನಿಂಗಮ್ಮನಾ ಸಾರ್?” ಎಂದು ಕೇಳುತ್ತಿದ್ದರು. ಒಂದೇ ಪುಟದಲ್ಲಿ ಮೂವರು ಕಬ್ಬಾಳಮ್ಮಂದಿರು. ನಾನು ಬೇಸತ್ತು ಹನ್ನೊಂದು ನಿಯಮಗಳ ಒಂದು ಹಾಳೆ ಬರೆದು ಗೋಡೆಗೆ ಅಂಟಿಸಿದೆ. ತಾರೀಕು ಹೇಗೆ ಬರೆಯಬೇಕು, ಗಂಡನ ಹೆಸರು ಸಿಗದಿದ್ದರೆ ಏನು ಮಾಡಬೇಕು, ಹೊಡೆದು ಹಾಕಿದ ಸಾಲನ್ನು ಏನು ಮಾಡಬೇಕು, ಹೀಗೆ. ಏಳನೆಯ ನಿಯಮ ಇದು: ಪೆನ್ಸಿಲ್ ಬರಹವನ್ನು ಪರಿಗಣಿಸತಕ್ಕದ್ದಲ್ಲ.

ಇದನ್ನು ಬರೆಯುವಾಗ ನನಗೆ ಒಂದು ಕ್ಷಣವೂ ಅನುಮಾನ ಬರಲಿಲ್ಲ. ದಾಖಲೆ ನೋಡುವ ಕೆಲಸಕ್ಕೆ ಸೇರಿದ ಮೊದಲ ವಾರವೇ ನನಗೆ ಹೇಳಿಕೊಟ್ಟ ಪಾಠ ಅದು. ಪೆನ್ಸಿಲ್‌ನಲ್ಲಿ ಬರೆದದ್ದು ಬರೆದಂತೆಯೇ ಅಲ್ಲ, ಆಡಿಟ್ ಒಪ್ಪುವುದಿಲ್ಲ. ಯಾವ ಕಚೇರಿಗೆ ಹೋಗಿ ಕೇಳಿದರೂ ಇದನ್ನೇ ಹೇಳುತ್ತಾರೆ. ನಮ್ಮ ಆರೂ ರಿಜಿಸ್ಟರುಗಳಲ್ಲಿ ಕೊನೆಯ ಕೆಲವು ಪುಟಗಳು ಪೂರಾ ಪೆನ್ಸಿಲ್‌ನಲ್ಲಿದ್ದವು. ಸಿಸ್ಟರುಗಳು ಕಚ್ಚಾ ಲೆಕ್ಕ ಗೀಚಿಕೊಂಡಿದ್ದಾರೆ ಎಂದುಕೊಂಡೆ.

ಬೈರಾಪಟ್ಟಣ ಕೇಂದ್ರದ ಹಿರಿಯ ಸಿಸ್ಟರ್ ಮಾತ್ರ ರಿಜಿಸ್ಟರ್ ಕೊಡುವಾಗ ಬಾಗಿಲಲ್ಲೇ ನಿಂತರು. ಆ ಕೇಂದ್ರದಲ್ಲಿ ಬಹಳ ವರ್ಷದಿಂದ ಇದ್ದವರು. ಸುತ್ತಲಿನ ಹೆಂಗಸರೆಲ್ಲ ಅವರನ್ನು ಅಕ್ಕ ಎನ್ನುತ್ತಿದ್ದರು.

“ಸಾರ್, ಹಿಂದ್ಗಡೆ ಪೆನ್ಸಿಲ್‌ನಲ್ಲಿರೋದ್ನೂ ಒಸಿ ನೋಡ್ಕಳಿ.”

“ಅದನ್ನ ಪೆನ್ನಲ್ಲಿ ಬರೆದು ಕೊಡಿ ಸಿಸ್ಟರ್, ಹಾಕಿಸ್ತೀನಿ.”

“ಪೆನ್ನಲ್ಲಿ ಬರ್ಯಕ್ಕಾಗಕ್ಕಿಲ್ಲ ಸಾರ್.”

“ಹಾಗಾದ್ರೆ ಇಲ್ಲ. ಆಡಿಟ್‌ನೋರು ನನ್ನ ಕೇಳ್ತಾರೆ, ನಿಮ್ಮನ್ನಲ್ಲ.”

ಅವರು ಏನೋ ಹೇಳಲು ಬಾಯಿ ತೆರೆದರು. ಮೇಜಿನ ಸುತ್ತ ಡ್ರೈವರ್, ಸಲಹೆಗಾರರು, ಪ್ರಿಂಟರ್ ರಿಪೇರಿಯವನು, ಇಷ್ಟು ಗಂಡಸರು ನಿಂತಿದ್ದೆವು. ಅವರು ಸೆರಗು ಸರಿಮಾಡಿಕೊಂಡು ಹೊರಟುಹೋದರು. ಎರಡು ಸಲ ಬರೆಯಲು ಸೋಮಾರಿತನ ಎಂದು ನಾನು ಮನಸ್ಸಿನಲ್ಲೇ ಷರಾ ಬರೆದು ಮುಗಿಸಿದೆ. ಯಾಕೆ ಆಗುವುದಿಲ್ಲ ಎಂದು ಒಂದು ಮಾತು ಕೇಳಲಿಲ್ಲ.

ಟೈಪಿಂಗ್ ಮುಗಿದ ಮೇಲೆ ನಾನೇ ಕೂತು ತಾಳೆ ನೋಡಿದೆ. ಆರೂ ರಿಜಿಸ್ಟರಿನ ಹೆಸರುಗಳನ್ನು ಕೈಯಲ್ಲಿ ಎಣಿಸಿ, ಕಂಪ್ಯೂಟರಿನ ಎಣಿಕೆಯ ಪಕ್ಕ ಇಟ್ಟೆ. ಆರಕ್ಕಾರೂ ಸರಿಹೋದವು. ಹಿಂದಿನ ಪುಟಗಳನ್ನು ನಾನೂ ಎಣಿಸಿರಲಿಲ್ಲ, ಕಂಪ್ಯೂಟರೂ ಎಣಿಸಿರಲಿಲ್ಲ, ಸರಿಹೋಗದೆ ಏನು? ಆದರೆ ಅವತ್ತು ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ‘ಒಂದು ಹೆಸರೂ ಬಿಟ್ಟುಹೋಗಿಲ್ಲ’ ಎಂದು ಕರಡಿನಲ್ಲಿ ಬರೆದು ಕೆಳಗೆ ಗೆರೆ ಎಳೆದೆ. ಆರನೇ ಕರಡು ಒಪ್ಪಿಗೆಯಾಯಿತು. ರಿಜಿಸ್ಟರುಗಳನ್ನು ಉಕ್ಕಿನ ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ನನ್ನ ಜೇಬಿಗೆ ಹಾಕಿಕೊಂಡೆ. ಮುಂದಿನ ತಿಂಗಳು, ಇದಕ್ಕೆಲ್ಲ ಹಣ ಕೊಟ್ಟಿದ್ದ ದಾನಿಗಳ ತಂಡ ಬಂದು ಎಲ್ಲವನ್ನೂ ನೋಡುವುದು, ನೋಡಿ ಒಪ್ಪಿದರೆ ರಾಮನಗರ, ಮಾಗಡಿ ಕಡೆಯ ಕೇಂದ್ರಗಳಿಗೂ ಇದನ್ನೇ ಹಬ್ಬಿಸುವುದು ಎಂದು ಗೊತ್ತಾಗಿತ್ತು.

ಸೋಮವಾರದ ಪಟ್ಟಿಗಳು ಶುರುವಾದವು. ಪ್ರತಿ ಸಿಸ್ಟರಿಗೂ ದಿನಕ್ಕಿಷ್ಟು ಮನೆ, ಇಂಥ ಹೊತ್ತಿಗೆ ಇಂಥ ಊರು, ಹೋದ ಮನೆಯಲ್ಲಿ ಸಹಿ ಅಥವಾ ಹೆಬ್ಬೆಟ್ಟು. ಜೀಪಿನವನ ಕೈಗೂ ಒಂದು ಪ್ರತಿ. ಅವನು ಊರ ಮುಂದಿನ ಕಟ್ಟೆಯ ಹತ್ತಿರ ಗಾಡಿ ನಿಲ್ಲಿಸಿ ಹೆಸರುಗಳನ್ನು ಗಟ್ಟಿಯಾಗಿ ಓದುತ್ತಿದ್ದ, ಹೆಂಗಸರು ಬಂದು ಹತ್ತುತ್ತಿದ್ದರು. ಕೆಲಸ ಸಲೀಸಾಗಿ ನಡೆಯುತ್ತಿದೆ ಎಂದು ನನಗನಿಸಿತು.

ಮೂರು ಗುರುವಾರ ಕಳೆದ ಮೇಲೆ ನಮ್ಮ ಹೆರಿಗೆ ಡಾಕ್ಟರಮ್ಮ ನನ್ನ ಕೋಣೆಗೆ ಬಂದರು. ಅವರು ನಿಂತೇ ಮಾತಾಡುವವರು.

“ನಿಮ್ಮ ಕಂಪ್ಯೂಟರ್ ಬಂದ ಮೇಲೆ ನಮ್ಮ ಬಸುರಿಯರಿಗೆಲ್ಲ ಆರೋಗ್ಯ ಬಂದ್ಬಿಡ್ತೇನ್ರಿ?”

ಹೊಗಳುತ್ತಿದ್ದಾರೆ ಎಂದು ನಾನು ನಕ್ಕೆ.

“ನಗಬೇಡಿ. ಗುರುವಾರದ ಜೀಪಿನಲ್ಲಿ ಇಳಿಯೋರೆಲ್ಲ ಗಟ್ಟಿಮುಟ್ಟಾದೋರೇ. ಹಿಂದೆ ಮಗು ಹೋದೋರು, ಬಿ.ಪಿ. ಇದ್ದೋರು, ಅಂಥವರು ಒಬ್ಬರೂ ಕಾಣ್ತಿಲ್ಲ. ಮೊದಲು ವಾರಕ್ಕೆ ಇಬ್ಬರು ಮೂವರಾದರೂ ಇರ್ತಿದ್ರು. ಅವರೆಲ್ಲಿ ಹೋದರು?”

ನಾನು ಕಂಪ್ಯೂಟರಿನಲ್ಲಿ ‘ಹಿಂದೆ ಮಗು ತೀರಿಹೋಗಿದೆ’ ಎಂಬ ಕಾಲಂ ಹುಡುಕಿಸಿದೆ. ಹೆಚ್ಚುಕಡಿಮೆ ಖಾಲಿ. ಟೈಪ್ ಮಾಡಿದ ಹೆಣ್ಣುಮಕ್ಕಳನ್ನು ಕರೆದು ಗದರಿದೆ. ಅವರಲ್ಲೊಬ್ಬಳು ಅತ್ತಳು. “ಬುಕ್ಕಲ್ಲಿ ಇದ್ದದ್ದನ್ನೇ ಹಾಕಿದ್ದೀವಿ ಸಾರ್” ಎಂದಳು. ಅವಳು ಹೇಳಿದ್ದು ನಿಜವೇ ಆಗಿತ್ತು. ಅವಳ ಕ್ಷಮೆ ಕೇಳುವುದಕ್ಕೆ ನನಗೆ ಆಮೇಲೆ ಒಂದು ವಾರ ಹಿಡಿಯಿತು.

ಮಾರನೆಯ ದಿನ ಮಂಗಳವಾರ. ಬೈರಾಪಟ್ಟಣದ ಸಿಸ್ಟರ್ ಬಸ್ಸಿಳಿದು ನೇರವಾಗಿ ನನ್ನ ಮೇಜಿನ ಮುಂದೆ ಬಂದರು.

“ನನ್ ರಿಜಿಸ್ಟರ್ ಒಸಿ ತೆಗ್ದುಕೊಡಿ ಸಾರ್. ಒಂದೇ ಒಂದು ತಾರೀಕು ನೋಡ್ಬೇಕು.”

“ಹೆಸರು ಹೇಳಿ, ಕಂಪ್ಯೂಟರಲ್ಲೇ ತೆಗೆಸ್ತೀನಿ.”

“ಅದ್ರಲ್ಲಿಲ್ಲ ಸಾರ್ ಅವಳು. ಪೆನ್ಸಿಲ್‌ನಲ್ಲಿದ್ದೋರ್ನ ನೀವೇ ಬುಡ್ಸಿದ್ರಲ್ಲ.”

ಆಗಲೂ ನನಗೆ ತಕ್ಷಣ ಹೊಳೆಯಲಿಲ್ಲ. ಸಿಸ್ಟರ್ ಸುತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಕುರ್ಚಿಯಲ್ಲಿ ಕೂತರು.

“ಮಕ್ಳು ನಿಲ್ದೇ ಇರೋರು ಸಾರ್ ಅವರೆಲ್ಲ. ಒಂದು ಹೋಗಿರ್ತದೆ, ಎರಡು ಹೋಗಿರ್ತದೆ. ‘ಹೆಸ್ರು ಪೆನ್ನಲ್ಲಿ ಬರ್ಸಿದ್ರೆ ಕಣ್ಣು ಬೀಳ್ತದೆ ಅಕ್ಕ, ಮಗ ಕೈಗೆ ಬರೋಗಂಟ ಬರೀಬ್ಯಾಡಿ’ ಅಂತಾರೆ. ಬರೀದಿದ್ರೆ ನಂಗೆ ತಾರೀಕು ನೆನಪಿರಕ್ಕಿಲ್ಲ. ಅದ್ಕೇ ಪೆನ್ಸಿಲ್. ಅಳಿಸ್ಬೋದಲ್ಲ ಅಂತ ಅವರಿಗೂ ಸಮಾಧಾನ. ಮಗ ಹುಟ್ಟಿದ್ಮ್ಯಾಕೆ ಪೆನ್ನಲ್ಲಿ ತಿದ್ತೀವಿ. ಆರು ಸೆಂಟ್ರಲ್ಲೂ ಹಿಂಗೇಯ.”

ಆರು ರಿಜಿಸ್ಟರುಗಳ ಕೊನೆಯ ಪುಟಗಳು ನನ್ನ ಕಣ್ಣ ಮುಂದೆ ಬಂದವು. ಇಡೀ ತಾಲ್ಲೂಕಿನಲ್ಲಿ ನಾವು ಮೊದಲು ನೋಡಬೇಕಾಗಿದ್ದ ಹೆಂಗಸರು ಯಾರೋ ಅವರನ್ನೇ ಆರಿಸಿ ಆರಿಸಿ ಹೊರಗಿಟ್ಟಿದ್ದೆ.

“ಮೊದಲೇ ಯಾಕಮ್ಮ ಹೇಳಲಿಲ್ಲ?” ಎಂದೆ. ಕೇಳಬಾರದಾಗಿತ್ತು.

“ಹೇಳಕ್ಕೇ ಬಂದಿದ್ದೆ ಸಾರ್. ನೀವು ಆಡಿಟ್ ಅಂದ್ರಿ. ಅಷ್ಟು ಜನ ಗಂಡಸ್ರ ಮುಂದೆ ಮುಟ್ಟು, ತಿಂಗ್ಳು ಅಂತ ಇನ್ನೇನ್ ಬುಡಿಸಿ ಹೇಳನ?”

ಅವರು ಹುಡುಕುತ್ತಿದ್ದ ತಾರೀಕು ಒಬ್ಬ ಹೆಂಗಸಿನದು. ಬೈರಾಪಟ್ಟಣದ ಸೊಸೆ. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವಳು. ಬೆಳಕು ಹರಿಯುವ ಮುಂಚೆ ಕಂಪನಿಯ ಬಸ್ಸು ಹತ್ತಿದರೆ ಮನೆಗೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಹಿಂದೆ ಎರಡು ಸಲ ಎಂಟನೇ ತಿಂಗಳಲ್ಲಿ ಬಿ.ಪಿ. ಏರಿ ಮಗು ಹೊಟ್ಟೆಯಲ್ಲೇ ಹೋಗಿತ್ತು. ಎರಡು ಸಲವೂ ಹೆಸರು ಪೆನ್ನಿನಲ್ಲಿತ್ತು. ಈ ಸಲ ಅತ್ತೆ ಕಟ್ಟುನಿಟ್ಟಾಗಿ ಬೇಡವೆಂದಿದ್ದಳು. ಸಿಸ್ಟರ್ ವಾರಕ್ಕೊಂದು ದಿನ ಬೆಳಿಗ್ಗೆಯೇ ಬಸ್‌ಸ್ಟಾಪಿಗೆ ಹೋಗಿ, ಬಸ್ಸು ಬರುವುದರೊಳಗೆ ಅಂಗಡಿಯ ಜಗಲಿಯ ಮೇಲೆ ಅವಳನ್ನು ಕೂರಿಸಿ ಬಿ.ಪಿ. ನೋಡಿ ಮಾತ್ರೆ ಕೊಡುತ್ತಿದ್ದರಂತೆ. ನನ್ನ ಪಟ್ಟಿ ಬಂದ ಮೇಲೆ ಅವರ ದಿನ ದೂರದ ಊರಿನಿಂದ ಶುರುವಾಗುತ್ತಿತ್ತು. ಬಸ್‌ಸ್ಟಾಪಿಗೆ ಹೋಗುವುದು ತಪ್ಪಿತು. ಮೂರು ವಾರವಾಗಿತ್ತು. ಎಂಟನೇ ತಿಂಗಳು ಬಿತ್ತೋ ಇಲ್ಲವೋ ಎಂಬುದೇ ಈಗ ಅವರಿಗೆ ಗೊತ್ತಾಗಬೇಕಿತ್ತು.

ಬೀರು ತೆಗೆದೆ. ಪೆನ್ಸಿಲ್ ಸಾಲು ಕೈಬೆವರಿಗೆ ಮಾಸಿತ್ತು. ಪುಟವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಇಬ್ಬರೂ ಓದಿದೆವು. ಎಂಟನೇ ತಿಂಗಳು ಬಿದ್ದು ನಾಲ್ಕು ದಿನವಾಗಿತ್ತು.

ಅದೇ ಪುಟವನ್ನು ಹಿಡಿದುಕೊಂಡು ಕಾರ್ಯದರ್ಶಿಗಳ ಕೋಣೆಗೆ ಹೋದೆ. ಅವರು ಕೆಟ್ಟವರಲ್ಲ. ಸಮಾಧಾನವಾಗಿ ಕೇಳಿ, “ಇಷ್ಟೇ ತಾನೆ? ಪೆನ್ಸಿಲ್ ಹೆಸರುಗಳನ್ನೂ ಇವತ್ತೇ ಟೈಪ್ ಮಾಡಿಸಿಬಿಡಿ. ಶುಕ್ರವಾರ ದಾನಿಗಳು ಬರೋ ಹೊತ್ತಿಗೆ ಪಟ್ಟಿ ಪೂರ್ತಿ ಇರುತ್ತೆ. ಯಾರಿಗೂ ಹೇಳೋ ಅಗತ್ಯ ಇಲ್ಲ” ಎಂದರು. ನನಗೂ ಅದು ಸುಲಭದ ದಾರಿ ಅನಿಸಿತು, ಸುಳ್ಳು ಯಾಕೆ ಹೇಳಲಿ. ಬಾಗಿಲಲ್ಲಿ ನಿಂತಿದ್ದ ಸಿಸ್ಟರ್ ಒಳಗೆ ಬಂದರು.

“ಬ್ಯಾಡಿ ಸಾರ್. ಜೀಪಿನೋನು ಕಟ್ಟೆ ಮುಂದೆ ನಿಂತು ಊರಿಗೆಲ್ಲ ಕೇಳಂಗೆ ಓದ್ತಾನೆ. ಒಂದ್ಸಲ ಅವರ ಹೆಸ್ರು ಕೂಗಿದ್ರೆ, ಇನ್ಮುಂದೆ ನನ್ನತ್ರ ಯಾರೂ ಬಾಯಿ ಬುಡಕ್ಕಿಲ್ಲ. ಆಮ್ಯಾಕೆ ಪೆನ್ಸಿಲ್‌ನಲ್ಲೂ ಇರಕ್ಕಿಲ್ಲ, ಪೆನ್ನಲ್ಲೂ ಇರಕ್ಕಿಲ್ಲ.”

ಆ ಯೋಜನೆಗೆ ನಾನು ಒಂದು ವರ್ಷಕ್ಕಿಂತ ಹೆಚ್ಚು ಕೊಟ್ಟಿದ್ದೆ. ನನ್ನ ಮಗಳ ಮದುವೆಯ ಓಡಾಟದ ನಡುವೆಯೂ ಕರಡು ತಿದ್ದಿದ್ದೆ. ಅದನ್ನು ನಾನೇ ನಿಲ್ಲಿಸಬೇಕಾಗಿ ಬಂತು ಎಂದು ಅಳು ಬರುವಷ್ಟು ಬೇಜಾರಾಯಿತು. ಆದರೂ ಹೇಳಿದೆ: ರಿಜಿಸ್ಟರುಗಳು ಈಗಲೇ ಸಿಸ್ಟರುಗಳಿಗೆ ವಾಪಸು ಹೋಗಬೇಕು, ಮುಚ್ಚುವ ಆದೇಶ ರದ್ದಾಗಬೇಕು, ತಪ್ಪು ನನ್ನದೆಂದು ಶುಕ್ರವಾರ ನಾನೇ ಹೇಳುತ್ತೇನೆ, ಇವತ್ತು ಜೀಪು ನನಗೆ ಬೇಕು. ಕಾರ್ಯದರ್ಶಿಗಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಜೀಪು ತಗೊಂಡು ಹೋಗಿ. ಉಳಿದದ್ದು ಆಮೇಲೆ ಮಾತಾಡೋಣ” ಎಂದರು.

ಬೈರಾಪಟ್ಟಣದ ಮನೆಯಲ್ಲಿ ಅತ್ತೆ ಜಗಲಿಯ ಮೇಲೆ ಹುರುಳಿ ಕೇರುತ್ತಿದ್ದಳು. ನಾನು ಫೈಲು ಕಂಕುಳಲ್ಲಿಟ್ಟುಕೊಂಡು ಹೋಗಿ ನಿಂತು, ಸೊಸೆ ಎಲ್ಲಿ ಎಂದೆ. ಅವಳು ಮೊರ ಕೆಳಗಿಡಲಿಲ್ಲ.

“ಯಾವ ಸೊಸೆ?”

“ಗಾರ್ಮೆಂಟ್ಸ್‌ಗೆ ಹೋಗ್ತಾರಲ್ಲ, ಬಸುರಿ...”

“ನಮ್ಮನೇಲಿ ಬಸ್ರೀನೂ ಇಲ್ಲ, ಬಾಣಂತೀನೂ ಇಲ್ಲ. ಯಾರೋ ತಪ್ಪು ಹೇಳವ್ರೆ. ಹೋಗಿ ಬನ್ನಿ.”

ಸಿಸ್ಟರ್ ನನ್ನ ತೋಳು ಮುಟ್ಟಿ, “ಸಾರ್, ನೀವು ಫೈಲ್ ತಗಂಡು ಹೋಗಿ ಜೀಪಲ್ಲಿ ಕುಂತ್ಕಳಿ” ಎಂದರು. ಹೋಗಿ ಕೂತೆ. ಡ್ರೈವರ್ ನನ್ನ ಮುಖ ನೋಡಿ ರೇಡಿಯೋ ಆರಿಸಿದ. ಕಾಲು ಗಂಟೆಯ ಮೇಲೆ ಸಿಸ್ಟರ್ ಬಂದರು. ಕಾಲು ಊದಿಕೊಂಡು ಬಸ್ಸು ಹತ್ತಲಾಗದೆ ಹತ್ತು ದಿನದ ಹಿಂದೆಯೇ ಅವಳು ಕೆಲಸ ಬಿಟ್ಟಿದ್ದಾಳೆ, ಕಬ್ಬಾಳಿನಲ್ಲಿ ತವರುಮನೆಯಲ್ಲಿ ಇದ್ದಾಳೆ ಎಂದರು. ಜೀಪು ಎರಡು ಊರು ದಾಟಿತು. ಆಮೇಲೆ, “ಕಾಲು ಊದೈತೆ ಅಂದ್ರೆ ಸರಿಯಿಲ್ಲ ಸಾರ್” ಎಂದರು.

ಕಬ್ಬಾಳಿನ ಬೆಟ್ಟದ ಬುಡದಲ್ಲಿ ಊರಿನಿಂದ ಸ್ವಲ್ಪ ಹೊರಗೆ ಅವರ ಮನೆ. ಕುರಿ ಸಾಕುವವರು, ಜೊತೆಗೆ ಅಷ್ಟಿಷ್ಟು ಬೇಸಾಯ. ಹಗಲು ಹೊತ್ತು, ಕುರಿಗಳೆಲ್ಲ ಮೇಯಲು ಹೋಗಿದ್ದವು. ಅವಳು ಒಳಗೆ ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದಳು. ಮುಖವೂ ಊದಿತ್ತು. ಈ ಸಲ ನಾನು ಹೇಳಿಸಿಕೊಳ್ಳದೆ ಹೊರಗೇ ನಿಂತೆ. ಬಿ.ಪಿ. ಪಟ್ಟಿಯ ಗಾಳಿ ಬಿಡುವ ಸದ್ದು ಎರಡು ಸಲ ಕೇಳಿಸಿತು. ಸಿಸ್ಟರ್ ಒಂದೇ ಸಲಕ್ಕೆ ನಂಬದೆ ಮತ್ತೆ ನೋಡಿದ್ದರು.

“ತಲೆ ನೋಯ್ತದಾ?”

“ಎರಡು ದಿನದಿಂದ ಸಿಡಿತಾ ಐತೆ ಅಕ್ಕ. ಕಣ್ ಮುಂದೆ ಮಿಣಿಮಿಣಿ ಅಂತದೆ.”

“ಮಗ ಒದೀತದಾ?”

“ಒದೀತದೆ. ಮೊದ್ಲಿನಷ್ಟಿಲ್ಲ.”

ಸಿಸ್ಟರ್ ಹೊರಗೆ ಬಂದು, ಈಗಲೇ ಹೊರಡಬೇಕೆಂದು ಅವಳ ಅಪ್ಪನಿಗೆ ಹೇಳಿದರು. ಅವನು ಹೆಗಲ ಮೇಲಿನ ಕಂಬಳಿಯನ್ನು ಸರಿಪಡಿಸಿಕೊಂಡು ನನ್ನನ್ನೂ ಜೀಪನ್ನೂ ನೋಡಿದ.

“ಕಳಿಸ್ತೀನಿ ನರ್ಸಮ್ಮ. ಆದ್ರೆ ಒಂದು ಮಾತು. ಹೆಸ್ರು ಬರ್ಸಕ್ಕಿಲ್ಲ. ಕಬ್ಬಾಳಮ್ಮನ ಗುಡಿ ಮುಂದೆ ಹೇಳ್ಕಂಡಿವ್ನಿ. ಬರ್ಯದೇ ನೋಡ್ತೀವಿ ಅಂದ್ರೆ ಬತ್ತಾಳೆ.”

ಸಿಸ್ಟರ್ ನನ್ನ ಕಡೆ ತಿರುಗಿದರು. ನಾನು ಆಯಿತು ಎಂದೆ. ಹೇಗೆಂದು ನನಗೇ ಗೊತ್ತಿರಲಿಲ್ಲ.

ಯಾಕೆಂದರೆ ನಮ್ಮ ಕೌಂಟರಿನಲ್ಲಿ ಹೆಸರಿಲ್ಲದೆ ನಂಬರು ಹುಟ್ಟುತ್ತಿರಲಿಲ್ಲ. ನಂಬರಿಲ್ಲದೆ ವಾರ್ಡಿನಲ್ಲಿ ಮಂಚವಿಲ್ಲ, ಔಷಧಿ ಕೋಣೆಯಿಂದ ಒಂದು ಮಾತ್ರೆಯೂ ಹೊರಗೆ ಬರುವುದಿಲ್ಲ. ಹಾಗಿರಬೇಕೆಂದು ಮೊದಲ ಹಂತದಲ್ಲಿ ಪಟ್ಟು ಹಿಡಿದವನು ನಾನೇ. ಆಸ್ಪತ್ರೆ ತಲುಪಿದಾಗ ಮಧ್ಯಾಹ್ನದ ಮೂರು ಗಂಟೆಯಿರಬೇಕು. ಅವಳನ್ನು ತಳ್ಳುಕುರ್ಚಿಯಲ್ಲಿ ಕೂರಿಸಿದ್ದರು. ಪಕ್ಕದಲ್ಲಿ ಅಪ್ಪ. ಕೌಂಟರಿನಲ್ಲಿದ್ದಾತ ಅಭ್ಯಾಸದಂತೆ, “ಹೆಸರು?” ಎಂದ.

“ಹೆಸ್ರು ಆಮೇಲೆ” ಎಂದ ಅಪ್ಪ.

ಕೌಂಟರಿನವನು ನನ್ನ ಮುಖ ನೋಡಿದ. “ಹಾಗೇ ಹಾಕಿ” ಎಂದೆ. “ಏನಂತ ಸಾರ್?” “ಆಮೇಲೆ ಅಂತ.” ಅವನು ಟೈಪ್ ಮಾಡಿದ. ಕಂಪ್ಯೂಟರ್ ಒಂದು ಮಾತೂ ಎತ್ತದೆ ನಂಬರು ಕೊಟ್ಟಿತು. ವಾರ್ಡಿನ ಹಲಗೆಯ ಮೇಲೂ, ಔಷಧಿ ಚೀಟಿಯ ಮೇಲೂ, ಮೂತ್ರ ಪರೀಕ್ಷೆಯ ವರದಿಯ ಮೇಲೂ ಅವಳ ಹೆಸರು ‘ಆಮೇಲೆ’ ಎಂದೇ ಬಂತು. ವಾರ್ಡಿನ ಆಯಾ, “ಇದ್ಯಾವ ಕಡೆ ಹೆಸ್ರು ಸಾರ್?” ಎಂದು ಕೇಳಿದಳು. ಎಷ್ಟೋ ದಿನದ ಮೇಲೆ ನನಗೆ ನಗು ಬಂತು.

ಡಾಕ್ಟರಮ್ಮ ಇಂಜೆಕ್ಷನ್ ಶುರು ಮಾಡಿದರು. ಮಗುವಿನ ಎದೆಬಡಿತ ಇದೆ, ಆದರೆ ಮಗು ತಿಂಗಳಿಗೆ ತಕ್ಕಷ್ಟು ಬೆಳೆದಿಲ್ಲ ಎಂದರು. ತಾಯಿಯ ಬಿ.ಪಿ. ಹತೋಟಿಗೆ ಬಂದರೆ ಕೆಲವು ದಿನ ತಳ್ಳಿ ಆಮೇಲೆ ಹೆರಿಗೆ ಮಾಡಿಸುವ ಯೋಚನೆ ಅವರದು. ಬುಧವಾರ, ಗುರುವಾರ ಬಿ.ಪಿ. ಇಳಿಯಿತು. ಅಷ್ಟರಲ್ಲಿ ರಿಜಿಸ್ಟರುಗಳು ಸಿಸ್ಟರುಗಳ ಕೈಗೆ ವಾಪಸು ಹೋಗಿದ್ದವು. ಗುರುವಾರದ ಜೀಪಿನಲ್ಲಿ ಬೇರೆ ಕೇಂದ್ರಗಳ ಪೆನ್ಸಿಲ್ ಪುಟಗಳಿಂದ ಐದು ಜನ ಬಂದರು. ಸಿಸ್ಟರುಗಳೇ ಜೊತೆಯಲ್ಲಿ ಕೂತು ಕರೆತಂದಿದ್ದರು, ಡ್ರೈವರ್ ಯಾರ ಹೆಸರನ್ನೂ ಕೂಗಲಿಲ್ಲ. ಆ ಐವರಿಗೂ ಆಗಿನ್ನೂ ಕಾಲ ಮೀರಿರಲಿಲ್ಲ.

ಶುಕ್ರವಾರ ದಾನಿಗಳ ತಂಡದ ಮುಂದೆ ನಿಂತು, ಏಳನೆಯ ನಿಯಮವನ್ನು ಓದಿ, ಅದರಿಂದ ಏನಾಯಿತೆಂದು ಹೇಳಿದೆ. ರಿಜಿಸ್ಟರು ಸಿಸ್ಟರಿನ ಕೈಯಲ್ಲೇ ಇರಲಿ. ಪೆನ್ಸಿಲ್ ಪುಟದಲ್ಲಿ ಎಷ್ಟು ಜನ ಇದ್ದಾರೆ, ಯಾವ ವಾರ ನೋಡಬೇಕು ಎಂಬುದಷ್ಟೇ ಕಂಪ್ಯೂಟರಿಗೆ ಬರಲಿ, ಹೆಸರು ಬೇಡ. ಬೆಳಗಿನ ಬಸ್‌ಸ್ಟಾಪಿನ ಭೇಟಿಗೂ ಪಟ್ಟಿಯಲ್ಲಿ ಜಾಗವಿರಲಿ ಎಂದು ಹೊಸ ಕರಡು ಕೊಟ್ಟೆ. ರಾಮನಗರ, ಮಾಗಡಿಯ ಮಾತು ಮುಂದಕ್ಕೆ ಹೋಯಿತು. ಸಲಹೆಗಾರರು ಸ್ವಲ್ಪ ಹೊತ್ತು ಯೋಚಿಸಿ, ಇದಕ್ಕೆ ‘ಹೈಬ್ರಿಡ್ ಮಾದರಿ’ ಎಂದು ಹೆಸರಿಟ್ಟರು. ನಮ್ಮ ಕಡೆ ಹೈಬ್ರಿಡ್ ಎಂದರೆ ಮಿಶ್ರತಳಿಯ ರೇಷ್ಮೆ ಗೂಡು.

ಭಾನುವಾರ ಅವಳಿಗೆ ಮತ್ತೆ ತಲೆನೋವು ಬಂತು. ಸೋಮವಾರ ಬೆಳಿಗ್ಗೆ ಡಾಕ್ಟರಮ್ಮ ಹೊಟ್ಟೆಯ ಮೇಲೆ ಬಹಳ ಹೊತ್ತು ಕಿವಿಯಿಟ್ಟರು. ಅಲ್ಲಿ ಇಲ್ಲಿ ಜಾಗ ಬದಲಿಸಿ ಕೇಳಿದರು. ಎದೆಬಡಿತ ಸಿಗಲಿಲ್ಲ. ಅವತ್ತೇ ನೋವು ಬರಿಸಿ ಹೆರಿಗೆ ಮಾಡಿಸಿದರು. ಗಂಡುಮಗು. ಅವಳ ಅಪ್ಪನೂ ಗಂಡನೂ ಮಗುವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೋದರು. ನಾನು ಕಾರಿಡಾರಿನಲ್ಲಿ ನಿಂತಿದ್ದೆ.

ಡಾಕ್ಟರಮ್ಮನನ್ನು ಒಂದೇ ಪ್ರಶ್ನೆ ಕೇಳಿದೆ. “ಮೂರು ವಾರ ಮೊದಲು ಬಂದಿದ್ದರೆ?” ಅವರು ಕೈ ತೊಳೆಯುತ್ತಿದ್ದರು. “ಖಂಡಿತ ಅಂತ ಹೇಳೋಕಾಗಲ್ಲ. ಮಾತ್ರೆ ತಪ್ಪದೇ ಇದ್ದಿದ್ದರೆ, ವಾರವಾರ ನೋಡಿದ್ದರೆ, ಉಳಿಸಿಕೊಳ್ಳೋ ಸಾಧ್ಯತೆ ಇತ್ತು. ತಾಯಿ ಉಳಿದಳಲ್ಲ, ಅದೇ ದೊಡ್ಡದು.” ನಲ್ಲಿ ನಿಲ್ಲಿಸಿ ಹೊರಟುಹೋದರು.

ಆರು ದಿನದ ಮೇಲೆ ಅವಳು ಮನೆಗೆ ಹೊರಟಳು. ಆಸ್ಪತ್ರೆಯಿಂದ ಕೊಡುವ ಕಾರ್ಡಿನಲ್ಲಿ ಮುಂದಿನ ಸಲಕ್ಕೆ ಬೇಕಾದದ್ದೆಲ್ಲ ಇರಬೇಕು: ಯಾವ ತಿಂಗಳಲ್ಲಿ ಏನಾಯಿತು, ಯಾವ ಮಾತ್ರೆ, ಎಷ್ಟು ಬೇಗ ಬರಬೇಕು. ಅದಕ್ಕೆ ಹೆಸರು ಬೇಕು. ಕೌಂಟರಿನವನನ್ನು ಕಳಿಸಲು ಮನಸ್ಸಾಗದೆ ನಾನೇ ಕಾರ್ಡು ಹಿಡಿದು ವಾರ್ಡಿಗೆ ಹೋದೆ. ಅವಳು ಸೀರೆ ಉಟ್ಟು, ಬಟ್ಟೆಯ ಗಂಟು ಕಟ್ಟಿಕೊಂಡು ಮಂಚದ ತುದಿಯಲ್ಲಿ ಕೂತಿದ್ದಳು. ಅತ್ತೆ ಪಕ್ಕದಲ್ಲಿದ್ದಳು, ಗೋಡೆಯ ಕಡೆ ನೋಡುತ್ತ. ಸಿಸ್ಟರ್ ಮಾತ್ರೆಗಳನ್ನು ಪೊಟ್ಟಣ ಕಟ್ಟುತ್ತಿದ್ದರು.

“ಹೆಸರು ಬೇಡ ಅಂದರೆ ಹಾಗೇ ಬಿಡ್ತೀನಿ ತಾಯಿ” ಎಂದೆ.

“ಬರ್ಕಳಿ” ಎಂದಳು. ಊತ ಇಳಿದ ಅವಳ ಮುಖ ನಾನಂದುಕೊಂಡದ್ದಕ್ಕಿಂತ ಬಹಳ ಚಿಕ್ಕದಾಗಿತ್ತು. “ಎರಡು ಸಲ ಬರ್ಸಿ ಹೋಯ್ತು. ಈ ಸಲ ಬರ್ಸ್ದೇನೇ ಹೋಯ್ತು. ಬರ್ಯದ್ರಲ್ಲಿ ಏನೂ ಇಲ್ಲ. ಪೆನ್ನಲ್ಲೇ ಬರೀರಿ.”

ಬರೆದುಕೊಂಡು ಬಂದುಬಿಡಬಹುದಾಗಿತ್ತು. ಆದರೆ ಏನೂ ಇಲ್ಲ ಎಂದು ಅವಳು ನಂಬಿಕೊಂಡು ಹೋಗುವುದನ್ನು ನೋಡುತ್ತ ಕೂರಲು ಆಗಲಿಲ್ಲ.

“ಇಲ್ಲಮ್ಮ” ಎಂದೆ. “ಪೆನ್ಸಿಲ್‌ನಲ್ಲಿರೋರನ್ನ ಬಿಟ್ಟುಬಿಡಿ ಅಂತ ಹೇಳಿದ್ದು ನಾನು. ಅದರಿಂದ ಅಕ್ಕ ಮೂರು ವಾರ ನಿನ್ನ ನೋಡೋಕೆ ಬರಲಾಗಲಿಲ್ಲ. ಅವರು ಬಂದಿದ್ದರೆ ಮಗು ಉಳೀಬಹುದಿತ್ತು.”

ಅತ್ತೆ ಗೋಡೆಯಿಂದ ಮುಖ ತಿರುಗಿಸಿದಳು. ಸಿಸ್ಟರ್ ಪೊಟ್ಟಣ ಕಟ್ಟುವುದನ್ನು ನಿಲ್ಲಿಸಿದರು. ಅವಳು ಮಾತ್ರ ನನ್ನನ್ನೇ ನೋಡುತ್ತಿದ್ದಳು. ಬೈಯುತ್ತಾಳೆ ಎಂದುಕೊಂಡೆ, ಬೈದರೆ ಸಾಕು ಎಂದೂ ಅನ್ನಿಸಿತು. ಅವಳು ತನ್ನ ಹೆಸರು ಹೇಳಿದಳು. ಗಂಡನ ಹೆಸರನ್ನು ಅತ್ತೆ ಹೇಳಿದಳು. ಬರೆದುಕೊಂಡೆ. ಕಾರ್ಡನ್ನು ಕೈಗೆ ಕೊಟ್ಟಾಗ ಅವಳು ಅದನ್ನು ಮಡಿಸಿ ಗಂಟಿನೊಳಗೆ ಇಟ್ಟುಕೊಂಡಳು.

“ಮುಂದಿನ್ ಸಲ ಅಕ್ಕನ್ನ ಕಳ್ಸಿ ಸಾರ್” ಎಂದಳು. “ನೀವು ಬರ್ಬ್ಯಾಡಿ.”

ಆಯಿತಮ್ಮ ಎಂದೆ.